ಗೆರೆಯಿಲ್ಲದ ಹೆಬ್ಬೆಟ್ಟು

"ಪ್ರಭು, ಇನ್ನು ಮೇಲೆ ನಮ್ಮ ಹುಲಿಗೋಟೆಯಲ್ಲಿ ಸುಳ್ಳು ಹೆಸರು ಹೇಳಿಕೊಂಡು ಒಂದು ಇಲಿಯೂ ಕಣಜಕ್ಕೆ ನುಗ್ಗುವಂತಿಲ್ಲ!" ಎಂದು ಮಂತ್ರಿ ದೇಮರಸಯ್ಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಅವನ ಕೈಯಲ್ಲೊಂದು ತಾಮ್ರದ ಬಿಲ್ಲೆ. ಬಿಲ್ಲೆಯ ನಡುವೆ ಅರಗು, ಅರಗಿನ ಮೇಲೆ ಬಿಲ್ಲೆ ಪಡೆದವರ ಹೆಬ್ಬೆಟ್ಟಿನ ಗುರುತು. ಇದು ಇದ್ದವರಿಗಷ್ಟೇ ಅರಮನೆಯ ಕಣಜದಿಂದ ರಾಗಿ. ದೊರೆ ಬಿಜ್ಜರಸನಿಗೆ ಖುಷಿಯೋ ಖುಷಿ. ವಿದೂಷಕ ಕೋನಪ್ಪ ಮಾತ್ರ ತಲೆ ಕೆರೆದುಕೊಂಡ. ಮಂತ್ರಿ ಇಷ್ಟು ಹಿಗ್ಗಿದಾಗಲೆಲ್ಲ ಯಾರದೋ ಹೊಟ್ಟೆಯ ಮೇಲೆ ಏಟು ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

ಈ ಸಲ ಏಟು ಬಿದ್ದದ್ದು ಮುದುಕಿ ಸಣ್ಣೀರಮ್ಮನಿಗೆ. ಕೋಟೆಗೆಲ್ಲ ಸುಣ್ಣ ಅರೆದು ಬಳಿದ ಜೀವ. ಆ ಸುಣ್ಣವೇ ಅವಳ ಬೆರಳಿನ ಗೆರೆಗಳನ್ನು ತಿಂದುಹಾಕಿತ್ತು. ಅರಗಿನ ಮೇಲೆ ಎಷ್ಟು ಒತ್ತಿದರೂ ಬರೀ ಗುಳಿ!

"ಗೆರೆ ಇಲ್ಲ ಅಂದ್ರೆ ನೀನು ಯಾರೂಂತ ನಮಗೆ ಗೊತ್ತಿಲ್ಲ," ಎಂದು ಮಂತ್ರಿಯೇ ಗದರಿದ. "ಗೆರೆ ಬಂದ ಮೇಲೆ ಬಾ, ಹೋಗು!"

"ಅಲ್ಲೀತನಕ ಹೊಟ್ಟೆ ಕೇಳಬೇಕಲ್ಲ ಸ್ವಾಮಿ?"

"ಯಾರ ಹೊಟ್ಟೆ? ಅದೇ ಗೊತ್ತಿಲ್ವಲ್ಲ!"

ನಾಲ್ಕು ದಿನದಿಂದ ಬರೀ ನೀರು ಕುಡಿದು ಮಲಗಿದ್ದ ಮುದುಕಿಯನ್ನು ಕಂಡು ಕೋನಪ್ಪನಿಗೆ ಮೈಯೆಲ್ಲ ಉರಿಯಿತು.

"ಅಜ್ಜೀ, ಮಂತ್ರಿಯ ಹಿತ್ತಲಲ್ಲಿ ಬಾಳೆಗೊನೆ ಹಣ್ಣಾಗಿದೆ. ನಾಳೆ ಅವನು ಅಲ್ಲೇ ಹಲ್ಲುಜ್ಜುತ್ತಿರುವಾಗ ಹೋಗು. ಅವನ ಕಣ್ಣೆದುರೇ ಒಂದು ಚಿಪ್ಪು ಕಿತ್ತು ತಿನ್ನು."

"ಅಯ್ಯಯ್ಯೋ, ಈ ವಯಸ್ಸಲ್ಲಿ ನನ್ನ ಕಳ್ಳಿ ಅನ್ನಿಸ್ತೀಯೇನಪ್ಪಾ?"

"ಅನ್ನಲಿ ಅಂತಲೇ ಹೇಳ್ತಿರೋದು. ಅವನ ಬಾಯಲ್ಲಿ ನಿನ್ನ ಹೆಸರು ಬರಬೇಕು."

ಮರುದಿನ ಮಂತ್ರಿ ಮುದುಕಿಯನ್ನು ಸಭೆಗೆ ಎಳೆದು ತಂದ. "ಪ್ರಭು, ಇವಳು ನನ್ನ ಹಿತ್ತಲಿನ ಬಾಳೆಹಣ್ಣು ಕದ್ದಳು!"

"ಯಾರು ಇವಳು?" ಎಂದ ಕೋನಪ್ಪ, ಏನೂ ತಿಳಿಯದವನಂತೆ.

"ಇನ್ಯಾರು? ಸುಣ್ಣದ ಸಣ್ಣೀರಮ್ಮ!"

"ಸರಿಯಾಗಿ ನೋಡಿ ಸ್ವಾಮಿ, ಬೇರೆ ಯಾರೋ ಇರಬಹುದು. ಇವಳ ಹತ್ತಿರ ಬಿಲ್ಲೆ ಇಲ್ಲ."

"ಬಿಲ್ಲೆ ಯಾಕಯ್ಯಾ ಬೇಕು? ಮೂವತ್ತು ವರ್ಷದಿಂದ ನಮ್ಮ ಮನೆಗೆ ಸುಣ್ಣ ಬಳಿದವಳು! ಸಾವಿರ ಜನರ ನಡುವೆ ನಿಲ್ಲಿಸಿದರೂ ಗುರುತು ಹಿಡೀತೀನಿ. ಬೇಕಾದ್ರೆ ದೇವರಾಣೆ!"

ಕೋನಪ್ಪ ದೊರೆಗೆ ಕೈ ಮುಗಿದ. "ಕೇಳಿದಿರಾ ಪ್ರಭು? ರಾಗಿ ಬೇಡಿದಾಗ ಇವಳು ಯಾರೆಂದೇ ಗೊತ್ತಿರಲಿಲ್ಲ. ಬಾಳೆಹಣ್ಣು ತಿಂದ ಕೂಡಲೇ ಮೂವತ್ತು ವರ್ಷದ ಪರಿಚಯ! ರಾಗಿ ಕೊಡುವುದಕ್ಕೆ ಬೇಕಾದ ಬಿಲ್ಲೆ ಕಳ್ಳಿಯನ್ನು ಹಿಡಿಯುವುದಕ್ಕೆ ಬೇಡವೇ?"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಮಂತ್ರಿಯತ್ತ ತಿರುಗಿದ. "ಅಜ್ಜಿಗೆ ಈಗಲೇ ಎರಡು ಮೂಟೆ ರಾಗಿ ಕೊಡಿಸಿ. ಬೆರಳು ಸವೆದವರು ಇನ್ನೂ ಎಷ್ಟು ಮಂದಿ ಇದ್ದಾರೋ! ನಾಳೆಯಿಂದ ಕಣಜದ ಬಾಗಿಲಲ್ಲಿ ನೀವೇ ಕೂತು ಅವರ ಗುರುತು ಹಿಡಿಯಿರಿ."

ಮಂತ್ರಿ ಬೆವರಿದ. "ಅಷ್ಟು ಜನರನ್ನು ನಾನು ಹೇಗೆ ಗುರುತಿಸಲಿ ಪ್ರಭು?"

"ಅದೇನು ಮಹಾ ಸ್ವಾಮಿ?" ಎಂದ ಕೋನಪ್ಪ. "ಎಲ್ಲರನ್ನೂ ಒಂದು ಸಲ ನಿಮ್ಮ ಹಿತ್ತಲಿಗೆ ಕಳಿಸಿಕೊಡ್ತೀನಿ."