ತೆಂಕಣ ಬಾಗಿಲ ತಿಪ್ಪೆಯ ರಕ್ಕಸ

“ಕೇಳಿರಯ್ಯಾ ಕೇಳಿ! ತೆಂಕಣ ಬಾಗಿಲ ತಿಪ್ಪೆಯಲ್ಲಿ ಬಂದು ಕೂತಿರುವ ರಕ್ಕಸ ಮೂರು ಒಗಟು ಹಾಕುತ್ತಾನೆ. ಬಿಡಿಸಿದವರು ಏನು ಕೇಳಿದರೂ ಮಹಾರಾಜರು ಕೊಡುತ್ತಾರೆ. ತಪ್ಪಿದವರು ಅವನ ತುತ್ತು. ಯಾರೂ ಬಾರದಿದ್ದರೆ ದಿನಕ್ಕೊಂದು ಮನೆ ನುಂಗುತ್ತಾನಂತೆ!”

ಕೆಂಗೋಟೆಯ ಬೀದಿಗಳಲ್ಲಿ ಡಂಗುರ ಹೊಡೆದಾಗ ಜನ ಬಾಗಿಲು ಹಾಕಿಕೊಂಡರು. ತಲೆತಲಾಂತರದಿಂದ ಊರಿನ ಕಸವೆಲ್ಲ ಬಿದ್ದು ಬಿದ್ದು ಆ ತಿಪ್ಪೆ ಕೋಟೆಗಿಂತ ಎತ್ತರವಾಗಿತ್ತು. ರಾಜ ಮಾಚರಸ ಬಾಣ ಬಿಡಿಸಿದ, ಹೂತುಹೋದವು. ಬೆಂಕಿ ಹಾಕಿಸಿದ, ಹೊಗೆ ತಿರುಗಿ ಅರಮನೆಗೇ ಬಂತು. ಕೊನೆಗೆ ಈ ಡಂಗುರ ಹೊಡೆಸಿದ.

ಮೊದಲು ಹೋದವನು ದಳವಾಯಿ ಕೇತಣ್ಣ. ರಕ್ಕಸ ಕೇಳಿದ: “ಮನೆಯೊಳಗೆ ಇರುವಷ್ಟು ದಿನ ಎಲ್ಲರಿಗೂ ಬೇಕು. ಹೊಸಿಲು ದಾಟಿದರೆ ನನ್ನದು ಅನ್ನುವವರು ಒಬ್ಬರೂ ಇಲ್ಲ. ಏನದು?”

“ಮದುವೆಯಾಗಿ ಹೋದ ಮಗಳು.”

“ಅವಳನ್ನು ಹೆತ್ತವಳು ದಿನಾ ನೆನೆಯುತ್ತಾಳಲ್ಲೋ!” ಎಂದು ರಕ್ಕಸ ಅವನನ್ನು ನುಂಗಿದ.

ಆಸ್ಥಾನದ ವೈದ್ಯ ಮೊದಲನೆಯದನ್ನು ಬಿಡಿಸಿದ. ಎರಡನೆಯದು ಬಂತು: “ಬೇರೆ ಬೇರೆ ಇದ್ದರೆ ಎರಡೂ ಊರನ್ನು ಸಾಕುತ್ತವೆ. ಕೂಡಿದರೆ ಊರನ್ನೇ ಕೊಲ್ಲುತ್ತವೆ.”

“ಜೇನು, ತುಪ್ಪ. ಸಮಸಮ ಬೆರೆತರೆ ವಿಷ.”

“ಅದನ್ನು ಬೆರೆಸುವವರು ಎಲ್ಲೋ ಒಬ್ಬರು. ನಾನು ಹೇಳಿದ್ದನ್ನು ಊರೆಲ್ಲ ದಿನಾ ಬೆರೆಸುತ್ತದೆ.” ವೈದ್ಯನೂ ತುತ್ತಾದ. ಆಮೇಲೆ ಯಾರೂ ಬರಲಿಲ್ಲ.

ತಿಪ್ಪೆಯ ಬುಡದ ಕೇರಿಯಲ್ಲಿ ದ್ಯಾಮವ್ವ ಎಂಬ ಹುಡುಗಿ ಇದ್ದಳು. ಅಲ್ಲಿಯ ಬಾವಿಯ ನೀರು ಕಪ್ಪಾಗಿತ್ತು. ಅದನ್ನೇ ಕುಡಿದು ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ರಕ್ಕಸ ನುಂಗುವುದಾದರೆ ಮೊದಲ ಮನೆ ಇವರದೇ. ತಾಯಿಯನ್ನು ಹೊತ್ತು ಎಲ್ಲಿಗೆ ಹೋಗುವುದು? ಸೆರಗು ಬಿಗಿದುಕೊಂಡು ತಿಪ್ಪೆ ಹತ್ತಿದಳು.

“ಗೆಲ್ಲೋಕೆ ಬಂದೆಯಾ?” ಎಂದ ರಕ್ಕಸ.

“ಇಲ್ಲಪ್ಪ. ಬೇರೆ ದಾರಿ ಇಲ್ಲ, ಬಂದೆ.”

ಮೊದಲ ಒಗಟಿಗೆ ಅವಳು “ಕಸ” ಅಂದಳು. ಎರಡನೆಯದಕ್ಕೆ “ಹಸಿ ಕಸ, ಒಣ ಕಸ” ಅಂದಳು.

ರಕ್ಕಸ ಮುಂದಕ್ಕೆ ಬಾಗಿದ. “ಎಲ್ಲರೂ ದಿನಾ ಹೆಸರು ಹೇಳುವ ಊರು. ಅಲ್ಲಿಗೆ ಏನೇನೋ ಕಳಿಸುತ್ತಾರೆ, ತಾವು ಮಾತ್ರ ಹೋಗುವುದಿಲ್ಲ. ಯಾವುದು ಆ ಊರು?”

ದ್ಯಾಮವ್ವ ತನ್ನ ಮನೆಯತ್ತ ನೋಡಿದಳು. ಕೆಳಗೆ ತಾಯಿ ಕೆಮ್ಮುವುದು ಕೇಳಿಸಿತು. ಅಷ್ಟರಲ್ಲಿ ಕೋಟೆಯ ಗೋಡೆಯ ಮೇಲಿಂದ ಯಾವುದೋ ಹೆಂಗಸಿನ ದನಿ ಬಂತು: “ಏ, ಅದನ್ನ ಆಚೆ ಬಿಸಾಕೇ!” ಒಂದು ಬುಟ್ಟಿ ಕಸ ದ್ಯಾಮವ್ವನ ಮನೆಯ ಮಾಡಿನ ಮೇಲೆ ಬಿತ್ತು.

ಅವಳ ಕಣ್ಣು ತುಂಬಿತು. “ಆಚೆ,” ಅಂದಳು. “ಆ ಊರಿನ ಹೆಸರು ಆಚೆ. ನಾವು ಇರೋದು ಅಲ್ಲೇ.”

ರಕ್ಕಸ ತಿಪ್ಪೆಯಿಂದ ಎದ್ದ. “ಸರಿ ಹೇಳಿದೆ ತಾಯಿ. ನಾನು ಹೋಗುತ್ತೇನೆ. ಈ ಗುಡ್ಡ ಮಾತ್ರ ನನ್ನ ಹಿಂದೆ ಬರುವುದಿಲ್ಲ,” ಎಂದು ಹೊಗೆಯಾಗಿ ಕರಗಿದ.

ರಾಜ ದ್ಯಾಮವ್ವನನ್ನು ಸಭೆಗೆ ಕರೆಸಿ ಉತ್ತರಗಳ ಅರ್ಥ ಕೇಳಿದ. “ಬಾಳೆಲೆ, ಸಿಪ್ಪೆ, ಎಂಜಲು ಬೇರೆ ಇಟ್ಟರೆ ಹೊಲಕ್ಕೆ ಗೊಬ್ಬರ ಆಗುತ್ತೆ ಬುದ್ಧಿ. ಹರಕು ಬಟ್ಟೆ ಕೌದಿಗೆ, ಒಡೆದ ತಂಬಿಗೆ ಕಂಚುಗಾರನಿಗೆ. ಎಲ್ಲ ಒಟ್ಟಿಗೆ ಸುರಿದರೆ ಕೊಳೆತು ನಮ್ಮ ಬಾವಿಗೆ ಇಳಿಯುತ್ತೆ.”

“ಕೋಟೆಯೊಳಗೆ ನಿನಗೊಂದು ಮನೆ ಕೊಡುತ್ತೇನೆ,” ಎಂದ ರಾಜ.

“ನಾನು ಒಳಗೆ ಬಂದರೆ ಆಚೆ ಇನ್ನೊಬ್ಬರು ಇರ್ತಾರಲ್ಲ ಬುದ್ಧಿ. ಮನೆಮನೆಗೂ ಎರಡು ಬುಟ್ಟಿ ಇಡಿಸಿ. ಎತ್ತಿಕೊಂಡು ಹೋಗೋಕೆ ಬಂಡಿ ಕಳಿಸಿ. ನಮ್ಮ ಕೇರಿಗೂ.”

ರಾಜ ಒಪ್ಪಿದ. ಬಂಡಿಗಳು ಬಂದವು. ಕೆಲವರು ಬೇರೆ ಮಾಡಿ ಕೊಟ್ಟರು, ಹಲವರು ಬೆರೆಸಿಯೇ ಸುರಿದರು. ಮಳೆಗಾಲ ಹಿಡಿದರೂ ಗುಡ್ಡ ಇದ್ದಷ್ಟೇ ಇತ್ತು.

“ಕರಗಿತೇನೇ ದ್ಯಾಮಿ?” ಎಂದು ತಾಯಿ ಮಲಗಿದಲ್ಲಿಂದಲೇ ಕೇಳುತ್ತಿದ್ದಳು.

“ಕರಗ್ತಾ ಇದೆ ಅವ್ವಾ.”

ಆ ಮಾತನ್ನು ನಂಬಿಕೊಂಡೇ ತಾಯಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಬಂಡಿ ಬಾಗಿಲಿಗೆ ಬಂದು ನಿಂತಿತು. “ಹಳೇ ಬಟ್ಟೆಗಿಟ್ಟೆ ಏನಾದರೂ ಇದೆಯೇನವ್ವಾ?” ಎಂದ ಬಂಡಿಯವನು.

ದ್ಯಾಮವ್ವ ತಾಯಿಯ ಹರಕು ಸೀರೆಯನ್ನು ಎದೆಗೆ ಒತ್ತಿಕೊಂಡು ಹೊಸಿಲಲ್ಲಿ ನಿಂತಿದ್ದಳು.

“ಇವತ್ತು ಏನೂ ಇಲ್ಲಣ್ಣ,” ಅಂದಳು. “ಮುಂದಿನ ಮನೆಗೆ ಹೋಗು.”