ಧಾರೆದಿಬ್ಬ

ಮುಗ್ರಿಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಒಂದು ಮರಳುದಿಬ್ಬವಿದೆ. ಭರತದಲ್ಲಿ ಅದು ನೀರಿನಡಿ ಅಡಗಿರುತ್ತದೆ, ಇಳಿತದಲ್ಲಿ ಬೆನ್ನು ತೋರಿಸುತ್ತದೆ. ಒಂದು ವರ್ಷ ಬಡಗಣ ದಡದ ಹೊಸಕೇರಿಯ ಕಡೆಗಿದ್ದರೆ, ಮಳೆಗಾಲ ಕಳೆದ ಮೇಲೆ ತೆಂಕಣ ದಡದ ಕಲ್ಲುಬೇಣದ ಕಡೆಗೆ ಸರಿದಿರುತ್ತದೆ. ಅದು ತಮ್ಮದೆಂದು ಎರಡೂ ಊರಿನವರು ಈಗಲೂ ಹೇಳಿಕೊಳ್ಳುತ್ತಾರೆ. ಅದರ ಹೆಸರಿನ ವಿಷಯದಲ್ಲಿ ಮಾತ್ರ ತಕರಾರಿಲ್ಲ.

ಹಿಂದೆ ಒಮ್ಮೆ, ಸೇತುವೆಯ ಸುದ್ದಿಯೇ ಇಲ್ಲದ ಕಾಲದಲ್ಲಿ, ಹೊಸಕೇರಿಯಲ್ಲಿ ಜಟ್ಟಪ್ಪನೆಂಬ ಅಂಬಿಗನಿದ್ದನಂತೆ. ಅವನ ಮಗಳು ಮಂಕಾಳಿಗೆ ಕಲ್ಲುಬೇಣದ ಈರನ ಮೇಲೆ ಮನಸ್ಸು, ಈರನಿಗೂ ಅಷ್ಟೇ. ತೊಡಕಾದದ್ದು ಅಪ್ಪಂದಿರಿಂದ. ಮದುವೆಗೆಂದು ಹೊಳೆ ದಾಟಿ ಹೋದವರು ತಗ್ಗಿದಂತೆ ಎಂಬ ಭಾವನೆ ಎರಡೂ ಊರಿನಲ್ಲಿತ್ತು. ದಿನಕ್ಕೆ ಹತ್ತು ಸಲ ಆಚೆ ದಡ ಮುಟ್ಟಿ ಬರುತ್ತಿದ್ದ ಜಟ್ಟಪ್ಪ, ಬೀಗನಾಗಿ ಮಾತ್ರ ದಾಟಲಾರೆನೆಂದು ಪಟ್ಟು ಹಿಡಿದ. ಈರನ ತಂದೆ ಕುಪ್ಪಯ್ಯ ಅವನಿಗಿಂತ ಒಂದು ಕೈ ಮೇಲು. ಎರಡು ಬೇಸಿಗೆ ಹೀಗೇ ಕಳೆದವು. ಮೂರನೆಯ ಬೇಸಿಗೆಗೆ ಮಗನಿಗೆ ಬೇರೆ ಹೆಣ್ಣು ನೋಡುತ್ತೇನೆಂದು ಕುಪ್ಪಯ್ಯ ಹೇಳಿಕಳಿಸಿದಾಗ ಮಂಕಾಳಿ ಅಪ್ಪನೆದುರು ಬಂದು ನಿಂತಳು. ಅವಳು ದೋಣಿಯಲ್ಲೇ ಬೆಳೆದವಳು, ಮರಳಿನ ನಡೆ ಬಲ್ಲವಳು.

"ಅಪ್ಪಾ, ಇಳಿತದ ನೀರು ಮರಳನ್ನ ಹೊರಗೆ ನೂಕ್ತದೆ, ತೆರೆ ಅದನ್ನೇ ಒಳಗೆ ನೂಕ್ತದೆ. ಇಬ್ರೂ ಸುಸ್ತಾದಲ್ಲಿ ದಿಬ್ಬ ಏಳ್ತದೆ. ಅಲ್ಲೇ ಧಾರೆ ಎರೆದ್ರೆ ಯಾರೂ ಯಾರ ಊರಿಗೂ ಹೋದ ಹಾಗಾಗುದಿಲ್ಲ," ಎಂದಳು. ಈ ಮಾತಿಗೆ ಇಬ್ಬರು ಅಪ್ಪಂದಿರೂ ಹೂಂಗುಟ್ಟಬೇಕಾಯಿತು.

ಹುಣ್ಣಿಮೆಯ ಮರುದಿನ ಬೆಳಗಿನ ಇಳಿತಕ್ಕೆ ಎರಡೂ ಊರಿನ ದೋಣಿಗಳು ದಿಬ್ಬಕ್ಕೆ ಬಂದವು. ನಾಲ್ಕು ಬಿದಿರು ನೆಟ್ಟು ಚಪ್ಪರವೂ ಆಯಿತು. ನೋಡಿದರೆ ಜಟ್ಟಪ್ಪನ ಕೈಯಲ್ಲಿ ತನ್ನೂರ ಬಾವಿಯ ನೀರಿನ ಗಿಂಡಿ, ಕುಪ್ಪಯ್ಯನ ಕೈಯಲ್ಲಿ ತನ್ನೂರ ಬಾವಿಯ ನೀರಿನ ಗಿಂಡಿ! "ಹೆಣ್ಣು ಕೊಡುವವ ನಾನು, ನೀರೂ ನಂದೇ," ಎಂದ ಜಟ್ಟಪ್ಪ. "ಈ ವರ್ಷ ದಿಬ್ಬ ನಮ್ಮ ಬದಿಗುಂಟು ಮಾರಾಯಾ," ಎಂದ ಕುಪ್ಪಯ್ಯ. ಮಾತಿಗೆ ಮಾತು ಬೆಳೆದು ಇಬ್ಬರೂ ಗಿಂಡಿ ಕೆಳಗಿಟ್ಟು ಪಂಚೆ ಎತ್ತಿ ಕಟ್ಟಿದರು. ಭರತಕ್ಕೆ ಯಾರ ಮುಲಾಜು? ಅಷ್ಟರಲ್ಲಿ ಏರಿದ ನೀರು ಎರಡೂ ಗಿಂಡಿಗಳನ್ನು ಉರುಳಿಸಿ ಕೊಂಡೊಯ್ದಿತು. ಇನ್ನು ಮದುವೆ ಆದ ಹಾಗೇ ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಮಂಕಾಳಿಗೂ ಅಳು ಬಂದಿತ್ತು. ಆದರೆ ಅವಳ ಕಣ್ಣು ನೀರಿನ ಮೇಲಿತ್ತು. ಕಡಲಿನಿಂದ ಬಂದ ತೆರೆ ದಿಬ್ಬದ ತುದಿಗೆ ತಾಗಿ ಎರಡಾಗಿ, ಎರಡೂ ಬದಿಯಿಂದ ಬಾಗಿ ಬಳಸಿ, ದಿಬ್ಬದ ಹಿಂದೆ ಮತ್ತೆ ಸೇರುತ್ತಿತ್ತು. ಅವಳು ಈರನ ಕೈ ಹಿಡಿದು ದರದರನೆ ಅಲ್ಲಿಗೆ ಎಳೆದೊಯ್ದಳು. ಬಡಗಣ ಬದಿಯಿಂದ ಬಂದ ತೆರೆಯೂ ತೆಂಕಣ ಬದಿಯಿಂದ ಬಂದ ತೆರೆಯೂ ಜೋಡಿಸಿದ ಕೈಗಳ ಮೇಲೆ ಒಟ್ಟಿಗೇ ಸುರಿದವು.

"ಅಪ್ಪಾ, ಮಾವಾ, ನೋಡಿ! ಇಬ್ರ ಬದಿಯ ನೀರೂ ಬಿತ್ತು. ಧಾರೆ ಆಯ್ತು!"

ಈರ ಸೊಂಟದವರೆಗಿನ ನೀರಿನಲ್ಲಿ ನಿಂತೇ ತಾಳಿ ಕಟ್ಟಿದ. ಎಲ್ಲರೂ ಬಿದ್ದೆನೋ ಎದ್ದೆನೋ ಎಂದು ಸಿಕ್ಕ ದೋಣಿ ಹತ್ತಿದರು. ದಡ ಮುಟ್ಟಿದಾಗ ಜಟ್ಟಪ್ಪ ಕಲ್ಲುಬೇಣದಲ್ಲಿದ್ದ, ಕುಪ್ಪಯ್ಯ ಹೊಸಕೇರಿಯಲ್ಲಿ. ಇಬ್ಬರೂ ಬೀಗರ ಮನೆಯಲ್ಲೇ ಒದ್ದೆ ಪಂಚೆ ಬದಲಿಸಿ ಊಟ ಮಾಡಿದರು ಎನ್ನುತ್ತಾರೆ.

ನೀರು ಏರತೊಡಗುವ ಹೊತ್ತಿಗೆ ಧಾರೆದಿಬ್ಬಕ್ಕೆ ಹೋದವರು ಆ ಎರಡು ತೆರೆಗಳು ಎದುರುಬದುರಾಗಿ ಬಂದು ಕೂಡುವುದನ್ನು ಇಂದಿಗೂ ಕಾಣಬಹುದು. ಇದರಲ್ಲಿ ಯಾವುದು ನಿಮ್ಮೂರಿನದು ಎಂದು ಕೇಳಿದರೆ ದೋಣಿಯವರು ನಗುತ್ತಾರೆ. "ಕೂಡಿದ ಮೇಲೆ ಹೇಗೆ ಹೇಳುದು?"