ದಾರಿಯಲ್ಲಿದ್ದ ಪತ್ರಗಳು

"ಗುರುಗಳೇ, ಈ ಸಮೀಕರಣದ ಮೇಲೆ ನನಗೆ ಅನುಮಾನ," ಎಂದ ಶಿಷ್ಯ. "ನಾಳೆಯದನ್ನು ಹೇಳಲು ಇಂದಿನ ಸ್ಥಿತಿ ತಿಳಿದರೆ ಸಾಲದೇ? ಹಿಂದೆ ಎಷ್ಟಿತ್ತು ಎನ್ನುವುದೂ ಬೇಕಂತೆ, ಹಿಂದೆ ಎಷ್ಟು ಬೇಗ ಬದಲಾಯಿತು ಎನ್ನುವುದೂ ಬೇಕಂತೆ. ಆಗಿಹೋದ ಬದಲಾವಣೆ ಇಂದಿನ ಬದಲಾವಣೆಯನ್ನು ಹೇಗೆ ತಳ್ಳೀತು?"

ಗಣಿತದ ಗುರುಗಳು ಬಳಪ ಕೆಳಗಿಟ್ಟು ಹೇಳತೊಡಗಿದರು.

ಘಟ್ಟದ ಕೆಳಗೆ ಒಬ್ಬ ಉಪ್ಪಿನ ವರ್ತಕನಿದ್ದ. ಘಟ್ಟದ ಮೇಲೆ ಅವನ ಗೆಳೆಯ, ಅಕ್ಕಿಯ ವರ್ತಕ. ಇಪ್ಪತ್ತು ವರ್ಷದ ಸ್ನೇಹ. ಮೂಟೆ ಹೊತ್ತು ವಾರಕ್ಕೊಮ್ಮೆ ಹೊರಡುವ ಹೇರೆತ್ತುಗಳ ಜೊತೆ ಇಬ್ಬರೂ ಪತ್ರ ಕಳಿಸುತ್ತಿದ್ದರು. ಪತ್ರ ಮುಟ್ಟಲು ಹದಿನೈದು ದಿನ ಹಿಡಿಯುತ್ತಿತ್ತು.

ಒಂದು ಸಲ ಗೆಳೆಯನ ಪತ್ರದಲ್ಲಿ ಮನೆಯವರ ಕ್ಷೇಮ ಕೇಳುವ ಎರಡು ಸಾಲು ಇರಲಿಲ್ಲ. ಉಳಿದದ್ದೆಲ್ಲ ಎಂದಿನಂತೆಯೇ ಇತ್ತು. ಆದರೂ ವರ್ತಕ, ಇದರಲ್ಲಿ ಏನೋ ಇದೆ ಎಂದುಕೊಂಡ. ಅವನು ಎರಡು ಸಾಲು ಬಿಟ್ಟರೆ ನಾನು ನಾಲ್ಕು ಬಿಡಬಲ್ಲೆ ಎಂದು ಹಾಗೆಯೇ ಬರೆದ. ತಿಂಗಳ ಮೇಲೆ ಅದಕ್ಕೆ ಉತ್ತರ ಬಂತು. ಅದರಲ್ಲಿ ಎಂಟು ಸಾಲು ಕಡಿಮೆ. ತನ್ನ ಊಹೆ ನಿಜವಾಯಿತೆಂದು ಅವನಿಗೆ ಒಂದು ಬಗೆಯ ತೃಪ್ತಿಯೇ ಆಯಿತು. ಅಂದಿನಿಂದ ಮೂಟೆ ಬಿಚ್ಚಿ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದ. ಹುಡುಕುವವನಿಗೆ ಕಲ್ಲು ಸಿಗದೆ ಇರುತ್ತದೆಯೇ? ಅದನ್ನೂ ಬರೆದ. ನಿನ್ನ ಉಪ್ಪಿನಲ್ಲಿ ಮರಳಿದೆ ಎಂದು ಘಟ್ಟದ ಮೇಲಿನಿಂದ ಉತ್ತರ ಬಂತು.

ಒಂದು ದಿನ ಅವನ ಹೆಂಡತಿ ಬಂದ ಪತ್ರಗಳನ್ನೆಲ್ಲ ತಿಥಿ ನೋಡಿ ಸಾಲಾಗಿ ಜೋಡಿಸಿದಳು. ಗಂಡ ಯಾವಾಗ ಏನು ಬರೆದನೆಂದು ಒಂದೊಂದಾಗಿ ಕೇಳಿದಳು.

"ಅವರ ಸಿಟ್ಟು ಎನ್ನುತ್ತೀರಲ್ಲ, ತಿಂಗಳ ಹಿಂದೆ ನೀವು ಕಳಿಸಿದ್ದೇ ಘಟ್ಟ ಹತ್ತಿ ಇಳಿದು ಬಂದಿದೆ," ಎಂದಳು.

"ಶುರು ಮಾಡಿದವನು ಅವನಲ್ಲವೇ?"

"ಇರಬಹುದು. ನೀವು ಕಳಿಸಿದ ಪತ್ರಗಳು ಇನ್ನೂ ಎಷ್ಟು ದಾರಿಯಲ್ಲಿವೆ?"

ವರ್ತಕ ಬೆರಳು ಮಡಿಚಿ ಎಣಿಸಿದ. ಹತ್ತು ದಿನದ ಹಿಂದೆ ಬರೆದದ್ದೊಂದು, ಮೂರು ದಿನದ ಹಿಂದೆ ಬರೆದದ್ದೊಂದು. ಎರಡರಲ್ಲೂ ಆಡಬಾರದ ಮಾತಿತ್ತು. ಕೂಡಲೇ ಸ್ನೇಹದ ಪತ್ರ ಬರೆದು, ಬಿರುಸಾಗಿ ನಡೆಯುವ ಆಳಿನ ಕೈಯಲ್ಲಿ ಕೊಟ್ಟು ಓಡಿಸಿದ. ಕೊನೆಯ ಪತ್ರ ಘಟ್ಟದ ಬುಡದಲ್ಲಿ ಸಿಕ್ಕಿತು. ಅದಕ್ಕೂ ಮೊದಲಿನದು ಸಿಗಲಿಲ್ಲ, ಆಳಿಗಿಂತ ಮುಂಚೆಯೇ ಗೆಳೆಯನ ಕೈ ಸೇರಿತ್ತು. ಹೋಗಿ ಮುಟ್ಟಿದ್ದನ್ನು ಮುಟ್ಟದಂತೆ ಮಾಡುವ ದಾರಿ ಯಾವ ಘಟ್ಟದಲ್ಲೂ ಇಲ್ಲ.

ಗೆಳೆಯನ ಉತ್ತರ ಬಂತು: "ನಿನ್ನೆ ವಿಷ, ಇಂದು ಬೆಲ್ಲ. ಇದು ಯಾವ ಹೊಸ ಮೋಸ?"

ಓದಿ ಸಿಟ್ಟು ಬಂದರೂ ವರ್ತಕ ಆ ವಾರ ಏನೂ ಬರೆಯಲಿಲ್ಲ. ಮುಂದಿನ ವಾರ ಕ್ಷೇಮ ಕೇಳಿ, ಬೇಕಾದಷ್ಟೇ ಬರೆದ. ಮತ್ತೆ ಕಹಿ ಬಂತು. ಬಂದ ಕಹಿಯಲ್ಲಿ ಅರ್ಧವನ್ನೂ ಅವನು ಹಿಂದಕ್ಕೆ ಕಳಿಸಲಿಲ್ಲ. ಒಮ್ಮೆಗೇ ಏನೂ ನಿಲ್ಲಲಿಲ್ಲ. ಪ್ರತಿ ಸುತ್ತಿಗೂ ಸ್ವಲ್ಪ ಇಳಿಯಿತು, ಅಷ್ಟೇ. ವರ್ಷ ಕಳೆದ ಮೇಲೆ ಅಕ್ಕಿಯ ಮೂಟೆಗಳ ಹಿಂದೆ ಗೆಳೆಯನೇ ಘಟ್ಟ ಇಳಿದು ಬಂದ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡರು.

ಶಿಷ್ಯ ಕೇಳಿದ: "ಹಾಗಾದರೆ ಕೊನೆಗೆ ವರ್ತಕನ ಸಂಶಯ ಹೋಯಿತೇ?"

"ಇಲ್ಲ, ಅದರ ಕೈಗೆ ಲೇಖನಿ ಕೊಡುವುದನ್ನು ಬಿಟ್ಟ," ಎಂದರು ಗುರುಗಳು.

ಶಿಷ್ಯ ಬಳಪ ಎತ್ತಿಕೊಂಡು, ಸಮೀಕರಣದಲ್ಲಿ ಹಿಂದಿನ ಬದಲಾವಣೆ ಇದ್ದ ಕಡೆ 'ದಾರಿಯಲ್ಲಿರುವ ಪತ್ರ' ಎಂದು ಬರೆದ.